ಕರೆಯದೆ ಬರುವ ಜಾಹೀರಾತು, ಕೇಳದೆ ಬರುವ ಅಂಚೆ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಇಷ್ಟಲಿಂಗಪೂಜೆಯ ಕ್ರಮ, ಷಟ್‌ಸ್ಥಲದ ತೊಡಕುಗಳು, ಮನೆಯಲ್ಲಿ ನಡೆಯಬೇಕಾದ ಸಂಸ್ಕಾರಗಳು ಇವುಗಳನ್ನು ಕುರಿತವು. ಈಚೆಗೆ ಅವುಗಳ ನಡುವೆ ಬೇರೊಂದು ಬಗೆಯ ಪ್ರಶ್ನೆಯೂ ಬರತೊಡಗಿದೆ. ಮನೆಯ ಗಣಕಯಂತ್ರದಲ್ಲಿ ವಚನಗಳನ್ನು ಓದಲು ಕುಳಿತರೆ ಪರದೆಯ ಮೂಲೆಯಿಂದ ನಾಚಿಕೆಗೇಡಿನ ಚಿತ್ರಗಳು ಇಣುಕುತ್ತವೆ. ಜೂಜಾಟಕ್ಕೆ ಆಹ್ವಾನ ಬರುತ್ತದೆ. ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ ಎಂಬ ಕೆಂಪು ಎಚ್ಚರಿಕೆ ಮಿನುಗುತ್ತದೆ. ಇ-ಮೇಲ್ ಪೆಟ್ಟಿಗೆಯನ್ನು ತೆರೆದರೆ ಸಾಲ ಕೊಡುವವರೂ ಬಹುಮಾನ ಹಂಚುವವರೂ ಸಾಲುಗಟ್ಟಿ ನಿಂತಿರುತ್ತಾರೆ. ಸೊಸೆ, ಮೊಮ್ಮಕ್ಕಳ ಎದುರಿಗೆ ಯಂತ್ರವನ್ನು ತೆರೆಯುವುದಕ್ಕೇ ಸಂಕೋಚವಾಗುತ್ತಿದೆ ಎಂದು ಹಿರಿಯರೊಬ್ಬರು ಬರೆದಿದ್ದಾರೆ.

ಮಠದಲ್ಲಿ ಓಲೆಗರಿಗಳ ನಡುವೆ ಕಲಿತವರಿಗೆ ಈ ಉಸಾಬರಿ ಏಕೆ ಎಂದು ಕೇಳುವವರು ಕೇಳಲಿ. ಓಲೆಗರಿಗೆ ಹುಳು ಹತ್ತದಂತೆ ಎಣ್ಣೆ ಸವರಿ, ಅರಿವೆಯಲ್ಲಿ ಸುತ್ತಿ ಕಟ್ಟಿಡುವುದೂ ಓದಿನಷ್ಟೇ ಮುಖ್ಯವಾದ ಪಾಠವಾಗಿತ್ತು. ಇಂದು ವಚನಗಳು ಗಣಕಯಂತ್ರದೊಳಗೆ ಬಂದು ಕುಳಿತಿವೆ. ಅಲ್ಲಿಯ ಹುಳುವಿನ ಪರಿಚಯವೂ ನಮಗೆ ಇರಬೇಕಾಗುತ್ತದೆ.

ಮೊದಲು ಹೆಸರುಗಳನ್ನು ತಿಳಿಯೋಣ. ಯಂತ್ರದೊಳಗೆ ಸೇರಿಕೊಂಡು ಬೇಡವೆಂದರೂ ಜಾಹೀರಾತುಗಳನ್ನು ತೋರಿಸುತ್ತಿರುವ ತಂತ್ರಾಂಶಕ್ಕೆ ಆ್ಯಡ್‌ವೇರ್ ಎನ್ನುತ್ತಾರೆ. ಕೇಳದೆ ಬಂದು ಬೀಳುವ ಇ-ಮೇಲ್‌ಗಳಿಗೆ ಸ್ಪ್ಯಾಮ್ ಎಂದು ಹೆಸರು. ಈ ಎರಡನೆಯ ಹೆಸರಿನ ಮೂಲ ವಿಚಿತ್ರವಾದುದು. ಅದು ಹಾರ್ಮೆಲ್ ಎಂಬ ಅಮೆರಿಕದ ಸಂಸ್ಥೆ 1937ರಲ್ಲಿ ಮಾರಾಟಕ್ಕೆ ತಂದ, ಡಬ್ಬಿಯಲ್ಲಿ ತುಂಬಿದ ಮಾಂಸದ ಹೆಸರು. 1970ರಲ್ಲಿ ಬ್ರಿಟನ್ನಿನ ಮಾಂಟಿ ಪೈಥಾನ್ ಎಂಬ ಹಾಸ್ಯತಂಡ ದೂರದರ್ಶನದಲ್ಲಿ ಒಂದು ಪ್ರಹಸನವನ್ನು ತೋರಿಸಿತು. ಅದರಲ್ಲಿ ಹೋಟೆಲಿನ ಯಾವ ತಿಂಡಿ ಕೇಳಿದರೂ ಅದರೊಳಗೆ ಇದೇ ಪದಾರ್ಥ. ಅದರ ಹೆಸರನ್ನು ಕೂಗುವವರ ಗದ್ದಲದಲ್ಲಿ ಉಳಿದವರ ಮಾತೆಲ್ಲ ಮುಳುಗಿಹೋಗುತ್ತದೆ. ಬೇಡವೆಂದರೂ ಬಡಿಸುವ ಅಂಚೆಗೆ ಅದೇ ಹೆಸರು ನಿಂತಿತು. ಲಿಂಗವಂತರ ಮನೆಯ ಹೊಸ್ತಿಲನ್ನು ಈ ಪದಾರ್ಥ ಹೆಸರಿನ ರೂಪದಲ್ಲಾದರೂ ದಾಟಿಬಿಟ್ಟಿತಲ್ಲ ಎಂದು ನಾವು ಒಮ್ಮೊಮ್ಮೆ ನಗುವುದುಂಟು.

ಈ ಉಪದ್ರವ ಹೊಸದೇನಲ್ಲ. 1978ರ ಮೇ ತಿಂಗಳಿನಲ್ಲಿ, ಅಂತರ್ಜಾಲದ ಪೂರ್ವಜವಾದ ಅರ್ಪಾನೆಟ್ ಎಂಬ ಜಾಲದಲ್ಲಿ, ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥುರ್ಕ್ ಎಂಬ ಮಾರಾಟಗಾರರು ತಮ್ಮ ಸಂಸ್ಥೆಯ ಹೊಸ ಯಂತ್ರಗಳ ಪ್ರಚಾರಕ್ಕಾಗಿ ಸುಮಾರು 400 ಜನರಿಗೆ ಒಂದೇ ಪತ್ರವನ್ನು ಕಳುಹಿಸಿದರು. ಪಡೆದವರಲ್ಲಿ ಹಲವರು ಸಿಟ್ಟಾದರು. 1994ರಲ್ಲಿ ಅಮೆರಿಕದ ಅರಿಜೋನಾದ ವಕೀಲ ದಂಪತಿಗಳು ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್ಟಿನ ಸಾವಿರಾರು ಚರ್ಚಾಕೂಟಗಳಿಗೆ ಒಮ್ಮೆಗೇ ಸುರಿದರು. ಕಾಗದದ ಪತ್ರಕ್ಕೆ ಅಂಚೆಚೀಟಿ ಹಚ್ಚಬೇಕು, ಇಲ್ಲಿ ಹಚ್ಚಬೇಕಾಗಿಲ್ಲ. ಲಕ್ಷ ಪತ್ರ ಕಳುಹಿಸಿದರೂ ಖರ್ಚು ಅತ್ಯಲ್ಪ. ಒಬ್ಬಿಬ್ಬರು ಮೋಸಹೋದರೆ ಸಾಕು, ಲಾಭ. ಈ ಲೆಕ್ಕ ಇರುವವರೆಗೆ ಆ ಅಂಚೆ ನಿಲ್ಲುವುದಿಲ್ಲ.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ನಾವು ಕಂಡಂತೆ, ಇಂತಹ ಜಾಹೀರಾತುಗಳಲ್ಲಿ ಹೆಚ್ಚಿನವು ಕನ್ನ ಕೊರೆದು ಒಳಗೆ ಬಂದವಲ್ಲ. ಅವು ತಲಬಾಗಿಲಿನಿಂದಲೇ, ಮನೆಯವರೇ 'ಆಗಲಿ' ಎಂದ ಮೇಲೆ ಬಂದವು. ಎಂದು, ಯಾರು, ಯಾವುದಕ್ಕೆ 'ಆಗಲಿ' ಎಂದರೆಂಬುದು ಮಾತ್ರ ಮನೆಯಲ್ಲಿ ಯಾರ ನೆನಪಿನಲ್ಲೂ ಇರುವುದಿಲ್ಲ. ಆದಕಾರಣ ಕಾವಲು ಇರಬೇಕಾದುದು ಆ 'ಆಗಲಿ' ಎಂಬ ಮಾತಿನ ಬಳಿಯಲ್ಲಿ.

ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮತಾಯಿ ಅದನ್ನು ಮನೆಯೊಳಕ್ಕೆ ಸೇರಿಸದೆ, ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದರು. ನಮಗೆ ಬೇಕಾದುದೆಷ್ಟು, ಜೊತೆಗೆ ಬಂದುದೆಷ್ಟು ಎಂದು ಬಾಗಿಲಲ್ಲಿಯೇ ಅಳೆದ ಕಣ್ಣು ಅದು. ಉಚಿತ ತಂತ್ರಾಂಶವನ್ನು ಇಳಿಸಿಕೊಳ್ಳುವಾಗ ಈ ಕಣ್ಣು ಬೇಕು. ಚಿತ್ರವೊಂದನ್ನು ಚಿಕ್ಕದು ಮಾಡುವ ಸಣ್ಣ ತಂತ್ರಾಂಶವನ್ನು ನಾವು ಕೇಳಿರುತ್ತೇವೆ. ಅದನ್ನು ಸ್ಥಾಪಿಸುವಾಗ 'ನೆಕ್ಸ್ಟ್', 'ನೆಕ್ಸ್ಟ್' ಎಂದು ಒತ್ತುತ್ತ ಹೋಗುತ್ತೇವೆ. ನಡುವಿನ ಒಂದು ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಇನ್ನೂ ಎರಡು ತಂತ್ರಾಂಶಗಳ ಹೆಸರಿದ್ದು, ಅವುಗಳ ಎದುರಿನ ಚೌಕದಲ್ಲಿ ಮೊದಲೇ ಗುರುತು ಬಿದ್ದಿರುತ್ತದೆ. ಆ ಗುರುತನ್ನು ಹಾಕಿದವರು ಅವರು. ಒಪ್ಪಿಗೆ ಎಂದು ಬರೆದುಕೊಳ್ಳುವುದು ನಮ್ಮ ಹೆಸರಿನಲ್ಲಿ. ಸ್ಥಾಪಿಸುವಾಗ 'ಕಸ್ಟಮ್' ಅಥವಾ 'ಅಡ್ವಾನ್ಸ್‌ಡ್' ಎಂಬ ಆಯ್ಕೆ ಇದ್ದರೆ ಅದನ್ನೇ ಒತ್ತಿ, ಪುಟಪುಟವನ್ನೂ ನೋಡಿ, ಕೇಳದ ಗುರುತುಗಳನ್ನು ಅಳಿಸಬೇಕು. ಎರಡು ನಿಮಿಷದ ತಾಳ್ಮೆ ಸಾಕು. ಇಂಗ್ಲಿಷ್ ಬಾರದ ಹಿರಿಯರು ಆ ಎರಡು ನಿಮಿಷಕ್ಕೆ ಮನೆಯ ಮಕ್ಕಳನ್ನು ಕರೆದು ಕೂಡಿಸಿಕೊಳ್ಳಲಿ, ಅದರಲ್ಲಿ ಸಣ್ಣತನವಿಲ್ಲ.

ನಮ್ಮ ಓದುಗರು ಹೆಚ್ಚಾಗಿ ಸಿಕ್ಕಿಬೀಳುವ ಸ್ಥಳ ಇನ್ನೊಂದಿದೆ. ವಚನ ಸಂಪುಟದ ಪಿಡಿಎಫ್, ಪಂಚಾಂಗ, ಭಕ್ತಿಗೀತೆ, ಕನ್ನಡದ ಅಕ್ಷರವಿನ್ಯಾಸ ಇವುಗಳನ್ನು ಹುಡುಕುತ್ತ ಹೋದಾಗ ತೆರೆಯುವ ಕೆಲವು ತಾಣಗಳಲ್ಲಿ 'ಡೌನ್‌ಲೋಡ್' ಎಂಬ ದೊಡ್ಡ ಹಸಿರು ಗುಂಡಿ ಮೂರು ನಾಲ್ಕು ಕಡೆ ಕಾಣುತ್ತದೆ. ಅವುಗಳಲ್ಲಿ ನಿಜವಾದುದು ಬಹುಶಃ ಎಲ್ಲಕ್ಕಿಂತ ಚಿಕ್ಕದು, ಉಳಿದವು ಜಾಹೀರಾತುಗಳು. ಪುಸ್ತಕವನ್ನು ಕೇಳಿದವರಿಗೆ ಹೆಸರಿನ ಕೊನೆಯಲ್ಲಿ 'ಎಕ್ಸ್ಇ' ಎಂದಿರುವ ಕಡತ ಬಂದರೆ ಅದು ಪುಸ್ತಕವಲ್ಲ, ನಡೆಯುವ ತಂತ್ರಾಂಶ ಎಂದು ತಿಳಿದು, ತೆರೆಯದೆ ಅಳಿಸಬೇಕು. ವಿಂಡೋಸ್ ಯಂತ್ರಗಳು ಈ ಕೊನೆಯ ಅಕ್ಷರಗಳನ್ನು ಸಾಮಾನ್ಯವಾಗಿ ಮರೆಮಾಡಿರುತ್ತವೆ. ವಿಂಡೋಸ್ 11ರಲ್ಲಿ ಕಡತಗಳ ಕಿಟಕಿಯ 'ವ್ಯೂ' ಪಟ್ಟಿಯೊಳಗೆ 'ಶೋ' ಎಂಬಲ್ಲಿ ಹೋಗಿ, 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಎಂಬುದನ್ನು ಗುರುತಿಸಿದರೆ ಅವು ಕಾಣತೊಡಗುತ್ತವೆ. ಪ್ರತಿ ಮನೆಯಲ್ಲಿಯೂ ಇದನ್ನು ಇಂದೇ ಮಾಡಿಡುವುದು ಒಳ್ಳೆಯದು.

ಕನ್ನಡ ಬೆರಳಚ್ಚಿಗೆಂದು ಕಂಡಕಂಡ ತಾಣಗಳಿಂದ ತಂತ್ರಾಂಶ ಇಳಿಸಿಕೊಳ್ಳುವ ಅಭ್ಯಾಸ ಇನ್ನೂ ಹೋಗಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿಯೇ 'ತುಂಗಾ' ಎಂಬ ಕನ್ನಡ ಅಕ್ಷರವಿನ್ಯಾಸವಿತ್ತು. ಈಗಿನ ವಿಂಡೋಸಿನಲ್ಲಿ ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಿದರೆ ಕೀಲಿಮಣೆಯೂ ದೊರೆಯುತ್ತದೆ. ನುಡಿಯೇ ಬೇಕೆನ್ನುವವರು ಕನ್ನಡ ಗಣಕ ಪರಿಷತ್ತಿನ ಸ್ವಂತ ತಾಣದಿಂದಲೇ, ಬರಹ ಬೇಕೆನ್ನುವವರು ಅದನ್ನು ರೂಪಿಸಿದವರ ತಾಣದಿಂದಲೇ ಪಡೆಯಲಿ. ಮೂಲವನ್ನು ಬಿಟ್ಟು ನಡುವಿನವರ ಕೈಯಿಂದ ಏಕೆ ತೆಗೆದುಕೊಳ್ಳಬೇಕು?

ಆದರೆ ಇಂದು ಮನೆಗಳಲ್ಲಿ ಅತಿ ಹೆಚ್ಚು ಕಳವಳಕ್ಕೆ ಕಾರಣವಾಗಿರುವುದು ತಂತ್ರಾಂಶವೂ ಅಲ್ಲ, ಒಂದು ಪುಟ್ಟ ಪ್ರಶ್ನೆ. ತಾಣವೊಂದನ್ನು ತೆರೆದೊಡನೆ ಮೇಲಿನ ಎಡಮೂಲೆಯಲ್ಲಿ, ಈ ತಾಣವು ನಿಮಗೆ ಸೂಚನೆಗಳನ್ನು ಕಳುಹಿಸಬಹುದೇ ಎಂಬ ಚೌಕ ಮೂಡುತ್ತದೆ. 'ಅಲೋ' ಎಂದರೆ ಒಪ್ಪಿಗೆ, 'ಬ್ಲಾಕ್' ಎಂದರೆ ನಿರಾಕರಣೆ. ನೀವು ಯಂತ್ರಮಾನವನಲ್ಲವೆಂದು ತೋರಿಸಲು 'ಅಲೋ' ಒತ್ತಿರಿ ಎಂದು ಕೆಲವು ತಾಣಗಳು ಪುಸಲಾಯಿಸುತ್ತವೆ. ಒಮ್ಮೆ ಒತ್ತಿದರೆ ಮುಗಿಯಿತು. ಆ ತಾಣವನ್ನು ಮುಚ್ಚಿದ ಮೇಲೂ ಅದರ ಜಾಹೀರಾತುಗಳು ಪರದೆಯ ಕೆಳಮೂಲೆಯಲ್ಲಿ ಬರುತ್ತಲೇ ಇರುತ್ತವೆ.

ಪರಿಚಿತ ಮನೆಯೊಂದರ ಸಂಗತಿಯನ್ನು, ಹೆಸರು ಊರುಗಳಿಲ್ಲದೆ, ಇಲ್ಲಿ ಹೇಳಲೇಬೇಕಾಗಿದೆ. ಪಡಸಾಲೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಗಣಕಯಂತ್ರ. ತಂದೆ ನಿವೃತ್ತರು, ಮಗ ಪಿಯುಸಿ ಓದುತ್ತಿದ್ದವನು. ಅವರ ಪರದೆಯ ಮೇಲೆ ಹೇಳಬಾರದ ಚಿತ್ರಗಳು ಬರತೊಡಗಿದವು. ತಂದೆಯವರು ಮಗನ ಮೇಲೆ ಸಂಶಯಪಟ್ಟರು. ಅವನು ಇಲ್ಲವೆಂದಷ್ಟೂ ಸಂಶಯ ಬಲಿಯಿತು. ಯಂತ್ರಕ್ಕೆ ಗುಪ್ತಪದ ಬಿತ್ತು. ಮಗನ ಜೊತೆಗಿನ ಮಾತು ನಿಂತಿತು. ತಾಯಿ ನಡುವೆ ನಿಂತು ಇಬ್ಬರ ಊಟದ ಹೊತ್ತನ್ನೂ ಬೇರೆಬೇರೆ ಮಾಡಿಕೊಂಡು ಬಡಿಸುವಂತಾಯಿತು. ಮೂರು ತಿಂಗಳು ಹೀಗೆ ನಡೆಯಿತು. ಪ್ರಸಾದಕ್ಕೆಂದು ನಾವು ಆ ಮನೆಗೆ ಹೋದ ದಿನ ಅವರ ಬಂಧುವಾದ ಇಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಅವಳು ಯಂತ್ರದ ಮುಂದೆ ಕುಳಿತು ಅನುಮತಿ ಪಡೆದ ತಾಣಗಳ ಪಟ್ಟಿಯನ್ನು ತೆರೆದಳು. ಏಳು ಹೆಸರುಗಳಿದ್ದವು. ಅವುಗಳಲ್ಲಿ ಒಂದನ್ನು ತಂದೆಯವರೇ ಗುರುತಿಸಿದರು. ಅದು ಅವರು ಭಕ್ತಿಗೀತೆಗಳನ್ನು ಇಳಿಸಿಕೊಂಡಿದ್ದ ತಾಣ. ಏನೋ ಕೇಳಿತು, ಒತ್ತಿದೆ ಎಂದರು. ಏಳನ್ನೂ ತೆಗೆದುಹಾಕಿದ ಮೇಲೆ ಚಿತ್ರಗಳು ನಿಂತವು. ಮಗ ಒಳಕೋಣೆಯಲ್ಲಿದ್ದ, ತಂದೆಯವರು ಎದ್ದು ಒಳಗೆ ಹೋದರು. ಅಲ್ಲಿ ಏನು ಮಾತಾಯಿತೋ ನಾವು ಕೇಳಲಿಲ್ಲ.

ಇಂತಹ ಸೂಚನೆಗಳು ಯಾರ ಅಭಿರುಚಿಯನ್ನೂ ನೋಡಿ ಬರುವಂಥವಲ್ಲ, ಒತ್ತಿದವರೆಲ್ಲರಿಗೂ ಸುರಿಯುವಂಥವು. ಬೇರೆ ಕೆಲವು ಜಾಹೀರಾತುಗಳು ನಾವು ನೋಡಿದ ಪುಟಗಳನ್ನು ಅನುಸರಿಸಿ ಬರುತ್ತವೆಂಬುದು ನಿಜ. ಆದರೆ ಪರದೆಯ ಮೂಲೆಯಲ್ಲಿ ಕಂಡುದನ್ನೇ ಸಾಕ್ಷಿಯಾಗಿಟ್ಟುಕೊಂಡು ಮನೆಯ ಮಗನ, ಮಗಳ, ಸೊಸೆಯ ಶೀಲವನ್ನು ತೂಗಲು ಹೊರಡುವುದು ಅನ್ಯಾಯ. ಮೊದಲು ಪಟ್ಟಿಯನ್ನು ನೋಡಬೇಕು. ಕ್ರೋಮ್ ಬಳಸುವವರು ಮೇಲಿನ ಬಲಮೂಲೆಯ ಮೂರು ಚುಕ್ಕೆಗಳನ್ನು ಒತ್ತಿ, 'ಸೆಟ್ಟಿಂಗ್ಸ್', ಅದರೊಳಗೆ 'ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ', ಅದರೊಳಗೆ 'ಸೈಟ್ ಸೆಟ್ಟಿಂಗ್ಸ್', ಅದರೊಳಗೆ 'ನೋಟಿಫಿಕೇಷನ್ಸ್' ಎಂಬಲ್ಲಿಗೆ ಹೋದರೆ ಅನುಮತಿ ಪಡೆದವರ ಹೆಸರುಗಳು ಕಾಣುತ್ತವೆ. ಬೇಡವಾದವುಗಳನ್ನು ತೆಗೆದುಹಾಕಿ, ಮುಂದೆ ಯಾವ ತಾಣವೂ ಕೇಳದಂತೆ ಅಲ್ಲಿಯೇ ನಿಲ್ಲಿಸಬಹುದು. ಸಾಮಾನ್ಯ ಮನೆಗೆ ಈ ಸೂಚನೆಗಳಿಂದ ಯಾವ ಉಪಯೋಗವೂ ಇಲ್ಲವೆಂಬುದು ನಮ್ಮ ಅಭಿಪ್ರಾಯ. ಹಾಗೆಯೇ 'ಎಕ್ಸ್‌ಟೆನ್ಷನ್ಸ್' ಎಂಬ ಪಟ್ಟಿಯನ್ನೂ ನೋಡಿ, ಗುರುತಿಲ್ಲದವುಗಳನ್ನು ಕಿತ್ತುಹಾಕಬೇಕು. ಹುಡುಕುವ ಪುಟ ತಾನಾಗಿ ಬದಲಾಗಿದ್ದರೆ ತಪ್ಪು ಸಾಮಾನ್ಯವಾಗಿ ಅಲ್ಲಿರುತ್ತದೆ. ವಿಂಡೋಸಿನ 'ಸೆಟ್ಟಿಂಗ್ಸ್'ನಲ್ಲಿ 'ಆ್ಯಪ್ಸ್' ಪಟ್ಟಿಯನ್ನು ತೆರೆದು ಸ್ಥಾಪಿಸಿದ ದಿನಾಂಕದ ಕ್ರಮದಲ್ಲಿ ಜೋಡಿಸಿದರೆ ಈಚೆಗೆ ಬಂದು ಕುಳಿತವರು ಯಾರೆಂದು ಗೊತ್ತಾಗುತ್ತದೆ.

ಅಂಗಡಿಯಿಂದ ತಂದ ಹೊಸ ಯಂತ್ರ ಶುದ್ಧವಾಗಿಯೇ ಇರುತ್ತದೆಂಬ ನಂಬಿಕೆಯೂ ಪೂರ್ಣ ಸರಿಯಲ್ಲ. ಲೆನೋವೊ ಸಂಸ್ಥೆ ತನ್ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶವನ್ನು ಮೊದಲೇ ತುಂಬಿ ಮಾರುತ್ತಿದ್ದುದು 2015ರ ಫೆಬ್ರವರಿಯಲ್ಲಿ ಬಯಲಾಯಿತು. ಬ್ಯಾಂಕಿನ ಪುಟದಂತಹ ಗೂಢಲಿಪಿಯ ಸಂಪರ್ಕಗಳ ನಡುವೆಯೂ ಅದು ಕೈಹಾಕುತ್ತಿತ್ತು. ಸಂಸ್ಥೆ ಅದನ್ನು ತುಂಬುವುದನ್ನು ನಿಲ್ಲಿಸಿ, ತೆಗೆದುಹಾಕುವ ಸಾಧನವನ್ನು ಕೊಟ್ಟಿತು. 2017ರಲ್ಲಿ ಅಮೆರಿಕದ ಸರಕಾರದೊಡನೆ ರಾಜಿ ಮಾಡಿಕೊಂಡಿತು. ಹೊಸ ಯಂತ್ರ ಬಂದ ದಿನವೂ ಪಟ್ಟಿಯನ್ನು ಒಮ್ಮೆ ನೋಡುವುದು ಅದಕ್ಕಾಗಿಯೇ.

ವೈರಸ್ ನಿವಾರಕ ತಂತ್ರಾಂಶವನ್ನು ಕೊಳ್ಳಬೇಕೇ ಎಂದು ಹಲವರು ಕೇಳಿದ್ದಾರೆ. ಈಗಿನ ವಿಂಡೋಸಿನೊಳಗೆ 'ವಿಂಡೋಸ್ ಸೆಕ್ಯುರಿಟಿ' ಎಂಬ ಕಾವಲು ಮೊದಲೇ ಇದೆ. ಸಾಮಾನ್ಯ ಮನೆಗೆ ಅದು ಸಾಕು. ಅದರಲ್ಲಿ 'ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್' ಎಂಬ ಭಾಗದೊಳಗೆ ಅನಪೇಕ್ಷಿತ ತಂತ್ರಾಂಶಗಳನ್ನು ತಡೆಯುವ ವ್ಯವಸ್ಥೆಯಿದೆ. ಅದು ಚಾಲೂ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಮನೆಯಲ್ಲಿ ನಿತ್ಯದ ಬಳಕೆಗೆ ಸಾಮಾನ್ಯ ಖಾತೆಯನ್ನೂ, ತಂತ್ರಾಂಶ ಸ್ಥಾಪಿಸುವುದಕ್ಕೆ ಮಾತ್ರ ಬೇರೆ ಖಾತೆಯನ್ನೂ ಇಟ್ಟುಕೊಂಡರೆ, ಹೆಚ್ಚಿನ ತಂತ್ರಾಂಶಗಳು ಒಳಗೆ ಬರುವಾಗ ಗುಪ್ತಪದವನ್ನು ಕೇಳುತ್ತವೆ. ಕೇಳಿದಾಗ ಯೋಚಿಸಲು ಒಂದು ಕ್ಷಣ ದೊರೆಯುತ್ತದೆ. ಭಾರತ ಸರಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಲ್ಲಿ ಆರಂಭವಾಯಿತು. ಅದರ ತಾಣದಲ್ಲಿ ಸೋಂಕು ತೆಗೆಯುವ ಸಾಧನಗಳು ಉಚಿತವಾಗಿವೆ.

ಪರದೆ ತುಂಬ ಕೆಂಪು ಎಚ್ಚರಿಕೆ, ಕಿವಿಗಡಚಿಕ್ಕುವ ಸದ್ದು, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ ಎಂಬ ಒಕ್ಕಣೆ ಕಂಡರೆ ಗಾಬರಿಗೊಳ್ಳಬೇಕಾಗಿಲ್ಲ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲವೆಂದು ಆ ಸಂಸ್ಥೆಯೇ ಹೇಳಿದೆ. ಸಂಖ್ಯೆ ಕಂಡಿತೆಂದರೆ ಅದು ಸುಳ್ಳು, ಪರೀಕ್ಷೆ ಇಷ್ಟೇ. ಅಂತರ್ಜಾಲದ ಸಂಪರ್ಕವನ್ನು ತೆಗೆದು, ಯಂತ್ರವನ್ನು ಆರಿಸಿ, ಮತ್ತೆ ಹಚ್ಚಿದಾಗ ಹಳೆಯ ಪುಟಗಳನ್ನು ಮರಳಿ ತೆರೆಯಲೇ ಎಂದು ಕೇಳಿದರೆ ಬೇಡವೆನ್ನಬೇಕು. ಆ ಸಂಖ್ಯೆಗೆ ಕರೆ ಮಾಡಿದವರಿಂದ, ದೂರದಲ್ಲಿ ಕುಳಿತು ನಿಮ್ಮ ಯಂತ್ರವನ್ನು ನಡೆಸುವ ತಂತ್ರಾಂಶವನ್ನು ಹಾಕಿಸುತ್ತಾರೆ. ಅಲ್ಲಿಂದ ಬ್ಯಾಂಕಿನ ಖಾತೆ ದೂರವಿಲ್ಲ.

ಇ-ಮೇಲಿನ ಕಡೆಗೆ ತಿರುಗೋಣ. ನಮ್ಮ ವಿಳಾಸ ಅಪರಿಚಿತರಿಗೆ ಹೇಗೆ ಸಿಕ್ಕಿತು ಎಂದು ಕೇಳುವವರು ತಮ್ಮ ಸಮಾಜದ ಕಡೆಗೇ ಒಮ್ಮೆ ನೋಡಬೇಕು. ವಧೂವರರ ಸಮಾವೇಶಕ್ಕೆಂದು ತುಂಬಿಕೊಟ್ಟ ಪತ್ರಕಗಳಲ್ಲಿ ಮಗಳ ಜನ್ಮದಿನಾಂಕ, ವಿದ್ಯಾಭ್ಯಾಸ, ಸಂಬಳ, ತಂದೆಯ ದೂರವಾಣಿ, ಇ-ಮೇಲ್ ಎಲ್ಲವೂ ಇರುತ್ತವೆ. ಆ ಪಟ್ಟಿ ಒಬ್ಬರಿಂದ ಹತ್ತು ಜನರಿಗೆ, ಹತ್ತರಿಂದ ನೂರು ಜನರಿಗೆ ಹೋಗುತ್ತದೆ. ಮದುವೆಯಾಗಿ ಮಗುವಿನ ನಾಮಕರಣವಾದ ಮೇಲೂ ಆ ಹುಡುಗಿಯ ವಿವರ ಎಲ್ಲೋ ಸುತ್ತುತ್ತಿರುತ್ತದೆ. ಸಂಘಗಳು ಸಭೆಯ ಆಹ್ವಾನವನ್ನು ಕಳುಹಿಸುವಾಗ ಮುನ್ನೂರು ಜನರ ವಿಳಾಸವನ್ನು ಎಲ್ಲರಿಗೂ ಕಾಣುವಂತೆ 'ಟು' ಎಂಬ ಸಾಲಿನಲ್ಲಿ ಹಾಕುತ್ತವೆ. ಆ ಮುನ್ನೂರರಲ್ಲಿ ಒಬ್ಬರ ಯಂತ್ರ ಕೆಟ್ಟರೂ ಮುನ್ನೂರು ವಿಳಾಸಗಳು ಹೊರಗೆ ಹೋದಂತೆ. ಇದನ್ನು ತಪ್ಪಿಸಲು ಕಾಸಿನ ಖರ್ಚಿಲ್ಲ. ವಿಳಾಸಗಳನ್ನು 'ಬಿಸಿಸಿ' ಎಂಬ ಸಾಲಿನಲ್ಲಿ ಹಾಕಿದರೆ ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಸಂಘಸಂಸ್ಥೆಗಳ ಕಾರ್ಯದರ್ಶಿಗಳು ಈ ಮಾತನ್ನು ಆಕ್ಷೇಪಣೆ ಎಂದೇ ತಿಳಿದುಕೊಳ್ಳಲಿ. ವಧೂವರರ ಪಟ್ಟಿಯನ್ನಿಟ್ಟುಕೊಂಡವರು ಸಂಬಂಧ ಕೂಡಿದ ದಿನವೇ ಆ ಹೆಸರನ್ನು ತೆಗೆಯಬೇಕು. ಮತ್ತೊಬ್ಬರಿಗೆ ಕೊಡುವ ಮುನ್ನ ಆ ಮನೆಯನ್ನು ಕೇಳಬೇಕು. ದಾಸೋಹದ ದೇಣಿಗೆ ರಸೀದಿಗೆಂದು ಪಡೆದ ವಿಳಾಸಕ್ಕೆ ನಿವೇಶನಗಳ ಜಾಹೀರಾತು ಹೋಗುವುದಂತೂ ಯಾವ ನ್ಯಾಯದಲ್ಲಿಯೂ ಸಲ್ಲುವುದಿಲ್ಲ.

ಕಾನೂನು ಈಗ ಈ ದಿಕ್ಕಿಗೆ ಬರುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಪ್ರಕಾರ ಒಪ್ಪಿಗೆ ಮುಕ್ತವಾಗಿ, ನಿರ್ದಿಷ್ಟ ಉದ್ದೇಶಕ್ಕಾಗಿ, ತಿಳಿದು ಕೊಟ್ಟದ್ದಾಗಿರಬೇಕು. ಒಪ್ಪಿಗೆ ಕೇಳುವ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶವಿರಬೇಕು. ಕನ್ನಡ ಆ ಅನುಸೂಚಿಯಲ್ಲಿದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಕನ್ನಡದಲ್ಲಿ ಕೇಳಿರಿ ಎಂದು ಹೇಳುವ ಓದುಗರು ಹೆಚ್ಚಿದರೆ ಮಾತ್ರ ಈ ಕಲಮಿಗೆ ಜೀವ ಬಂದೀತು.

ಬಂದ ಪತ್ರವನ್ನು ಏನು ಮಾಡಬೇಕು? ನಾವು ಬಲ್ಲ ಅಂಗಡಿಯಿಂದಲೋ ಪತ್ರಿಕೆಯಿಂದಲೋ ಬಂದುದಾದರೆ ಅದರಲ್ಲಿರುವ 'ಅನ್‌ಸಬ್‌ಸ್ಕ್ರೈಬ್' ಎಂಬುದನ್ನು ಒತ್ತಿದರೆ ನಿಲ್ಲುತ್ತದೆ. ದೊಡ್ಡ ಪ್ರಮಾಣದಲ್ಲಿ ಪತ್ರ ಕಳುಹಿಸುವವರು ಒಂದೇ ಒತ್ತಿಗೆ ಹೊರಬರುವ ದಾರಿ ಕೊಡಬೇಕೆಂದು ಗೂಗಲ್ ಮತ್ತು ಯಾಹೂ ಸಂಸ್ಥೆಗಳು 2024ರಲ್ಲಿ ವಿಧಿಸಿದವು. ಅಪರಿಚಿತರ ಪತ್ರದಲ್ಲಿ ಮಾತ್ರ ಅದನ್ನು ಒತ್ತಬಾರದು. ಈ ವಿಳಾಸದಲ್ಲಿ ಓದುವವರಿದ್ದಾರೆಂದು ನಾವೇ ತಿಳಿಸಿದಂತಾಗುತ್ತದೆ. ಅದನ್ನು ತೆರೆಯದೆ 'ರಿಪೋರ್ಟ್ ಸ್ಪ್ಯಾಮ್' ಎಂದು ಗುರುತಿಸಿದರೆ ಮುಂದಿನವು ಬೇರೆ ಪೆಟ್ಟಿಗೆಗೆ ಹೋಗುವುದನ್ನು ಯಂತ್ರವೇ ಕಲಿಯುತ್ತದೆ. ಪತ್ರದೊಳಗಿನ ಚಿತ್ರಗಳನ್ನು ಕೇಳದೆ ತೋರಿಸದಿರುವಂತೆ ಮಾಡಿಡುವುದೂ ಒಳ್ಳೆಯದು, ಏಕೆಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರವೊಂದರ ಮೂಲಕ ಪತ್ರ ತೆರೆದ ಸಮಯ ಕಳುಹಿಸಿದವರಿಗೆ ತಿಳಿಯುತ್ತದೆ. ಬ್ಯಾಂಕು, ಮಕ್ಕಳ ಶಾಲೆ, ನೆಂಟರು ಇವರಿಗೆ ಒಂದು ವಿಳಾಸವನ್ನೂ, ಅಂಗಡಿ, ಸ್ಪರ್ಧೆ, ನೋಂದಣಿ ಇವುಗಳಿಗೆ ಇನ್ನೊಂದು ವಿಳಾಸವನ್ನೂ ಇಟ್ಟುಕೊಂಡ ಮನೆಗಳಲ್ಲಿ ಮೊದಲನೆಯ ಪೆಟ್ಟಿಗೆ ವರ್ಷಗಟ್ಟಲೆ ಶುಭ್ರವಾಗಿರುವುದನ್ನು ನಾವು ಕಂಡಿದ್ದೇವೆ.

ಕೊನೆಯದಾಗಿ ಹಳೆಯ ಯಂತ್ರಗಳ ವಿಚಾರ. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ಏರುವಂತಿದ್ದರೆ ಏರಿಸಿರಿ. ಏರದಿದ್ದರೆ ಅದನ್ನು ಅಂತರ್ಜಾಲದಿಂದ ಬಿಡಿಸಿ, ವಚನ ಓದುವುದಕ್ಕೂ ಹಾಡು ಕೇಳುವುದಕ್ಕೂ ಇಟ್ಟುಕೊಳ್ಳಿರಿ. ಬ್ಯಾಂಕಿನ ವ್ಯವಹಾರವನ್ನು ಅದರಲ್ಲಿ ಮಾಡಬೇಡಿರಿ. ಯಾರಾದರೂ ಹಣ ಕಳೆದುಕೊಂಡಿದ್ದರೆ, ಮನೆಯವರು ಏನೆಂದಾರೋ ಎಂದು ಮುಚ್ಚಿಡದೆ, ಅದೇ ಗಳಿಗೆಯಲ್ಲಿ 1930 ಎಂಬ ಸಂಖ್ಯೆಗೆ ಕರೆ ಮಾಡಿ ದೂರು ಕೊಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗುವ ಮುನ್ನ ತಡೆಯುವ ಸಾಧ್ಯತೆ ಮೊದಲ ಗಂಟೆಗಳಲ್ಲಿಯೇ ಹೆಚ್ಚು. ಸಂಖ್ಯೆಯನ್ನು ದೂರವಾಣಿಯ ಪಕ್ಕದ ಗೋಡೆಯ ಮೇಲೆ ಬರೆದಿಡಿರಿ.